ಟವೆಲ್ ಕೆಳಗಿನ ಸ್ಟಾಪ್ ಲಾಸ್

ಮೂರನೆಯ ಸಲವೂ ಹಾಗೆಯೇ ಆದಾಗ ಅಂದಾನಪ್ಪನಿಗೆ ಖಾತ್ರಿಯಾಯಿತು: ಇದು ಮಾರುಕಟ್ಟೆಯ ಆಟವಲ್ಲ, ತನ್ನವರದೇ ಯಾರದೋ ಕೈವಾಡ.

ಲಕ್ಷ್ಮೇಶ್ವರದ ಎಪಿಎಂಸಿ ಅಂಗಳದಲ್ಲಿ ಅವನದೂ ರಹಮಾನಸಾಬನದೂ ಪಾಲಿನಲ್ಲಿ ಶೇಂಗಾದ ದಲಾಲಿ ಅಂಗಡಿ. ಬೋರ್ಡಿನ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದ್ದವು. ಮೀಸೆ ಕಪ್ಪಿದ್ದಾಗ ಕೂಡಿದವರು, ಮೀಸೆ ಬೆಳ್ಳಗಾದರೂ ಕೂಡಿಯೇ ಇದ್ದರು. ಹೋದ ವರ್ಷದಿಂದ ಅಂದಾನಪ್ಪ ಮಾತ್ರ ಸೇರು ಬಿಟ್ಟು ಶೇರು ಹಿಡಿದಿದ್ದ. ಅದೂ ಒಂದೇ ಶೇರು, ಪುಣೆ ಕಡೆಯ ಒಂದು ಪಂಪ್‌ಸೆಟ್ ಕಂಪನಿಯದು. ಶಿರಹಟ್ಟಿಯಿಂದ ಮುಂಡರಗಿಯವರೆಗೆ ಯಾವ ಹೊಲಕ್ಕೆ ಹೋದರೂ ಅದೇ ಕಂಪನಿಯ ಪಂಪು ಗುಂಯ್‌ಗುಡುತ್ತಿರುವಾಗ, ನೀರಿನ ಹಾಗೆ ರೇಟೂ ಮೇಲೆ ಬರಲೇಬೇಕು ಎಂಬುದು ಅವನ ಲೆಕ್ಕ.

ಲೆಕ್ಕ ಸುಳ್ಳಾಗಿರಲಿಲ್ಲ. ರೇಟು ಮೇಲೆ ಬರುತ್ತಿತ್ತು. ಆದರೆ ಬರುವ ಮೊದಲು ಒಮ್ಮೆ ಕೆಳಗಿಳಿದು, ಅಂದಾನಪ್ಪನ ಸ್ಟಾಪ್ ಲಾಸನ್ನು ಮುಟ್ಟಿ, ಅವನ ಕೈಯಿಂದ ಶೇರು ಕಿತ್ತುಕೊಂಡು, ಆಮೇಲೆ ಮೇಲೆ ಬರುತ್ತಿತ್ತು.

ಸ್ಟಾಪ್ ಲಾಸ್ ಎಂಬ ಉಪಾಯ ಹೇಳಿಕೊಟ್ಟವಳು ಸೊಸೆ ಸುನಿತಾ. ಗದಗಿನಲ್ಲಿ ಬಿ.ಕಾಂ. ಓದಿದವಳು. “ಮಾವಾರ, ರೇಟು ನಾವು ಅಂದ್ಕೊಂಡಂಗ ಏರಲಿಲ್ಲ ಅಂದ್ರ ಎಲ್ಲಿತನಕ ತಡ್ಕೋಬೇಕು ಅನ್ನೂದನ್ನ ಮೊದಲ ಹೇಳಿಟ್ಟುಬಿಡ್ರಿ. ಅಲ್ಲಿಗೆ ಇಳೀತಂದ್ರ ಫೋನ್ ತಾನ ಮಾರಿಬಿಡ್ತೈತಿ. ನಮಗ ಆಸೆ ಪಡಾಕ ಟೈಮ ಸಿಗಬಾರದು, ನೋಡ್ರಿ.”

“ನಮ್ಮೂರ ಸ್ಟಾಪ್‌ನ್ಯಾಗ ಬಸ್ಸ ನಿಲ್ಲಂಗಿಲ್ಲ, ಲಾಸ್ ನಿಲ್ತೈತೇನ ಯವ್ವಾ?” ಎಂದು ಅಂದಾನಪ್ಪ ನಕ್ಕಿದ್ದ.

ನಿಂತಿತ್ತು. ಅದೇ ಅವನ ಸಂಕಟ. ನಾನೂರಾ ಹನ್ನೆರಡಕ್ಕೆ ಹಾಕಿದರೆ ರೇಟು ನಾನೂರಾ ಹನ್ನೊಂದಕ್ಕೆ ಬಂದು, ಕಚ್ಚಿ, ಸಂಜೆಗೆ ನಾನೂರಾ ಮೂವತ್ತು. ನಾನೂರಾ ನಲವತ್ತಕ್ಕೆ ಹಾಕಿದರೆ ಮೂವತ್ತೊಂಬತ್ತಕ್ಕೆ ಬಂದು, ಕಚ್ಚಿ, ಮತ್ತೆ ಮೇಲೆ. ಈ ಸಲ ಐವತ್ತೈದಕ್ಕೆ ಹಾಕಿದ್ದ. ಐವತ್ನಾಲ್ಕೂವರೆಗೆ ಇಳಿದು ಅವನದನ್ನು ಮಾರಿಸಿತು. ಬೆಳಗಿನ ಚಹಾದ ಕಪ್ಪು ತೊಳೆಯುವುದರೊಳಗೆ ಅರವತ್ತೈದು!

“ಎಂಟಾಣೆ, ಬರೇ ಎಂಟಾಣೆ ಕೆಳಗ ಬಂದು ಹೊಡದ್ರಲೇ!” ಎಂದು ಫೋನನ್ನು ಶೇಂಗಾದ ರಾಶಿಯ ಮೇಲೆ ಒಗೆದ. ಅಷ್ಟು ಸಿಟ್ಟಿನಲ್ಲೂ ರಾಶಿ ನೋಡಿಯೇ ಒಗೆದ.

ಬೇರೆಯವನಾಗಿದ್ದರೆ ಹಣೆಬರಹ ಅನ್ನುತ್ತಿದ್ದ. ಅಂದಾನಪ್ಪ ಅಂಗಳದ ಮನುಷ್ಯ. ಅಂಗಳದಲ್ಲಿ ಒಂದು ನಿಯಮವಿದೆ. ಮಾರುವವನು ಇದಕ್ಕಿಂತ ಕೆಳಗೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲಿ ಇಟ್ಟುಕೊಂಡ ಕೊನೆಯ ದರ ಕೊಳ್ಳುವವರ ಕಿವಿಗೆ ಬಿತ್ತೆಂದರೆ ಮುಗಿಯಿತು. ಎಲ್ಲರೂ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅದಕ್ಕೇ ಕಂಪ್ಯೂಟರಿನ ಟೆಂಡರು ಬಂದಮೇಲೂ, ಹಳೆಯ ಗಿರಾಕಿಗಳ ಮಾಲಿಗೆ ದರ ಕಟ್ಟುವುದು ಟವೆಲ್ಲಿನ ಕೆಳಗೇ. ಇಬ್ಬರು ಕೈ ಕುಲುಕುವಂತೆ ಹಿಡಿಯುತ್ತಾರೆ, ಮೇಲೆ ಟವೆಲ್ಲು ಇಳಿಬಿಡುತ್ತಾರೆ. ಒಳಗೆ ಎಷ್ಟು ಬೆರಳು ಅಮುಕಿದರೆ ಅಷ್ಟು ನೂರು, ಆಮೇಲೆ ಅಷ್ಟು ಹತ್ತು, ಆಮೇಲೆ ಅಷ್ಟು ಬಿಡಿ. ಬಾಯಿ ಮಾತ್ರ ಮಳೆ-ಬೆಳೆ, ಮಕ್ಕಳ ಮದುವೆ ಮಾತಾಡುತ್ತಿರುತ್ತದೆ. ಈ ವಿದ್ಯೆಯಲ್ಲಿ ರಹಮಾನಸಾಬನಂಥವನು ಇನ್ನೊಬ್ಬನಿಲ್ಲ. ಅವನು ಕೈ ಹಿಡಿದರೆ ದರ ಕೇಳಿದನೋ ನಾಡಿ ನೋಡಿದನೋ ಗೊತ್ತಾಗದು.

ಆದ್ದರಿಂದ ಅಂದಾನಪ್ಪನಿಗೆ ಇದ್ದದ್ದು ಒಂದೇ ಪ್ರಶ್ನೆ. ತನ್ನ ಕೊನೆಯ ದರವನ್ನು ಮುಂಬೈಯವರಿಗೆ ಮುಟ್ಟಿಸುತ್ತಿರುವವರು ಯಾರು?

ಸುನಿತಾ ಇದನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಮಾವಾರ, ಅಷ್ಟು ದೊಡ್ಡ ಬಜಾರಿಗೆ ನಿಮ್ಮ ಇನ್ನೂರು ಶೇರಿನ ಚಿಂತಿ ಇರ್ತೈತೇನ್ರಿ? ನೀವು ನಿನ್ನಿ ಎಲ್ಲಿಗೆ ಇಳಿದಿತ್ತು ಅಂತ ನೋಡಿ, ಅದರ ಬುಡಕ್ಕ ಹಾಕ್ತೀರಿ. ದೇಶದಾಗ ಎಲ್ಲಾರೂ ಅಲ್ಲೇ ಹಾಕ್ತಾರ. ರೇಟು ದಿನಾ ಹತ್ತು-ಹದಿನೈದು ರೂಪಾಯಿ ಓಲಾಡ್ತಿರಬೇಕಾದ್ರ ಐದು ರೂಪಾಯಿ ದೂರಕ್ಕ ಬೇಲಿ ಹಾಕಿದ್ರ, ಒಂದ ಆಕಳಿಸಿದ್ರೂ ಮುಟ್ಟತೈತಿ. ಎಷ್ಟು ರೊಕ್ಕ ಹೋದ್ರೂ ನಿಮಗ ಉಂಡಿದ್ದು ಅರಗತೈತಿ ಅನ್ನೂದನ್ನ ಮೊದಲ ನೋಡ್ಕೋರಿ. ಬೇಲಿ ದೂರ ಹಾಕ್ರಿ, ಶೇರು ಕಡಿಮಿ ತಗೋರಿ.”

“ನೂರು ತಗೋ ಅಂತಿ.”

“ಐವತ್ತು ಅಂತೀನ್ರಿ.”

ಐವತ್ತು! ಇಷ್ಟು ಕಡಿಮೆ ಆಸೆಗೆ ಇಷ್ಟು ಜೋರು ಮಾಡುತ್ತಿದ್ದಾಳೆಂದರೆ ಇವಳ ಮೇಲೂ ಒಂದು ಕಣ್ಣಿಡಬೇಕು ಎಂದುಕೊಂಡ ಅಂದಾನಪ್ಪ.

ಆದರೆ ಅವನ ಎರಡೂ ಕಣ್ಣು ಹೋಗಿ ನಿಂತದ್ದು ರಹಮಾನಸಾಬನ ಮೇಲೆ. ಕಾರಣವೂ ಇತ್ತು. ಸಾಬನ ತಂಗಿಯ ಮಗ ದಾದಾಪೀರ ಬೆಟಗೇರಿಯಲ್ಲಿ ಶೇರು ಆಫೀಸೊಂದರಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳಿಂದ ಸಾಬ ವಾರಕ್ಕೊಮ್ಮೆ ಬೆಟಗೇರಿಗೆ ಹೋಗುತ್ತಿದ್ದ. ಯಾಕೆ ಎಂದರೆ “ಸ್ವಲ್ಪ ಕೆಲಸಿತ್ತು” ಎನ್ನುತ್ತಿದ್ದ. ಹಮಾಲರ ಹೆಂಡಿರು ಜಗಳಾಡಿದ್ದನ್ನೂ ನಾಲ್ಕು ದನಿಯಲ್ಲಿ ಆಡಿ ತೋರಿಸುವ ಮನುಷ್ಯ, ಎರಡು ಶಬ್ದದಲ್ಲಿ ಮಾತು ಮುಗಿಸಿದರೆ ಏನರ್ಥ?

ಸಾಬನ ಅಣಕಕ್ಕೆ ಅಂಗಳವೇ ಸೇರುತ್ತಿತ್ತು. ಅಂದಾನಪ್ಪ ಟಿವಿಯಲ್ಲಿ ಶೇರು ಪಂಡಿತರನ್ನು ನೋಡುತ್ತಾನೆಂದು ಗೊತ್ತಾದದ್ದೇ, ಟೈಯ ಬದಲು ಟವೆಲ್ಲನ್ನು ಕೊರಳಿಗೆ ಬಿಗಿದು, ಮೂಗಿನಲ್ಲಿ ಶುರು ಮಾಡಿದ್ದ: “ನಮಸ್ಕಾರ ವೀಕ್ಷಕರೇ! ಈ ಶೇರು ಮೇಲೆ ಹೋಗದಿದ್ದ ಪಕ್ಷದಲ್ಲಿ ಕೆಳಗೆ ಬರುವ ಸಂಭವವಿದೆ. ಕೆಳಗೆ ಬರದಿದ್ದ ಪಕ್ಷದಲ್ಲಿ ನಾನು ಮೊದಲೇ ಹೇಳಿದ್ದೆ. ಈಗೊಂದು ಸಣ್ಣ ವಿರಾಮ, ತಮ್ಮ ರೊಕ್ಕಕ್ಕೆ ದೊಡ್ಡ ವಿರಾಮ!”

ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಂದಾನಪ್ಪನೂ ನಕ್ಕಿದ್ದ. ಈಗ ನೆನೆಸಿಕೊಂಡರೆ, ಶೇರಿನ ಗಂಧವಿಲ್ಲದವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎನಿಸಿತು.

“ಅಂವಾ ಅಂತ ಖರೆ ಆದ್ರ, ಬರೂ ದೀಪಾವಳಿ ಪಾಡ್ಯದ ಅಂಗಡಿ ಪೂಜಿ ನಾ ಒಬ್ಬನ ಮಾಡ್ತೀನಿ. ಬೋರ್ಡಿನ ಮ್ಯಾಲೆ ಒಂದ ಹೆಸರು,” ಎಂದು ಹೆಂಡತಿ ಗದಿಗೆವ್ವನಿಗೆ ಹೇಳಿದ.

ಗದಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಅಂವಾ ಹೋದ್ರ ನಿಮ್ಮ ಅಂಗಡಿಗೆ ಯಾರು ಬರ್ತಾರ್ರೀ? ರೈತರು ನಿಮ್ಮ ಮಾರಿ ನೋಡಿ ಬರ್ತಾರಂತ ತಿಳದೀರೇನು?”

ಇವಳೂ ಅವನ ಪರ! ಅಂದಾನಪ್ಪ ಇವಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡ.

ಉಪಾಯ ಹೊಳೆದದ್ದು ಆಗಲೇ. ನಾನೂರಾ ಅರವತ್ತೆರಡಕ್ಕೆ ಮತ್ತೆ ಇನ್ನೂರು ಶೇರು ಕೊಂಡ. ಈ ಸಲ ಸ್ಟಾಪ್ ಲಾಸನ್ನು ಫೋನಿಗೆ ಹಾಕಲೇ ಇಲ್ಲ. ನಾವು ಕುಕ್ಕರಿನ ಮಾತಾಡಿದರೆ ಸಂಜೆಗೆ ಕುಕ್ಕರ್ ಜಾಹೀರಾತು ತೋರಿಸುವ ಫೋನು ಅದು, ಅದನ್ನು ನಂಬುವುದು ಹೇಗೆ? ಬದಲಿಗೆ ಮೂವರಿಗೆ ಮೂರು ಸುಳ್ಳು ದರ ಹೇಳುವುದು. ರೇಟು ಯಾರ ದರಕ್ಕೆ ಬಂದು ಕಚ್ಚಿ ಮೇಲೇಳುತ್ತದೋ ಅವರೇ ಕಳ್ಳರು. ಖರೆ ದರ, ನಾನೂರಾ ಮೂವತ್ತೈದು, ತನ್ನ ತಲೆಯಲ್ಲಿ. ಅಲ್ಲಿಗೆ ಬಂದರೆ ತಾನೇ ಕೈಯಾರೆ ಮಾರಿಬಿಡುವುದು.

ಸೊಸೆಗೆ ಟವೆಲ್ಲಿನ ಕೆಳಗೆ ಬೆರಳು ಕೊಡುವುದು ಮರ್ಯಾದೆಯಲ್ಲ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬಾಯಿಮಾತಿನಲ್ಲೇ ಹೇಳಿದ: “ಸುನಿತಾ, ನಾಕನೂರಾ ನಲವತ್ತಾರಕ್ಕ ಬಂದ್ರ ನನಗ ಫೋನ್ ಹಚ್ಚು. ಯಾರ ಮುಂದೂ ಅನಬ್ಯಾಡ.”

“ಫೋನಿನ್ಯಾಗ ಹಾಕಿಬಿಡ್ಲ್ಯಾ, ಮಾವಾರ?”

“ಬ್ಯಾಡ. ಅದೊಂದನ್ನ ಬಿಟ್ಟು ಎಲ್ಲಾ ಮಾಡು.”

ಹೆಂಡತಿಗೆ ಊಟದ ಹೊತ್ತಿಗೆ ಕಿವಿಯಲ್ಲಿ ನಾನೂರಾ ನಲವತ್ತು ಎಂದ. ಅವಳು ಗಟ್ಟಿಯಾಗಿ “ಏನ್ರೀ, ನಾಕನೂರಾ ನಲವತ್ತೇನು?” ಎಂದಳು. “ಮೆಲ್ಲಕ ಅನ್ನು!” “ಮೆಲ್ಲಕ ಅಂದ್ರ ನಿಮಗೆಲ್ಲಿ ಕೇಳಿಸತೈತಿ?” ಅಂತೂ ಟಿವಿಯಲ್ಲಿ ಕಂಪನಿಯ ಹೆಸರು ಯಾವ ಬಣ್ಣದಲ್ಲಿ ಓಡುತ್ತದೆಂದು ತೋರಿಸಿಕೊಟ್ಟದ್ದಾಯಿತು. ರೇಟಿನ ಏರಿಳಿತದ ಕ್ಯಾಂಡಲ್ ಚಾರ್ಟ್ ತೋರಿಸಹೋದರೆ, “ಕರೆಂಟ್ ಇದ್ದಾಗ ಕ್ಯಾಂಡಲ್ ಎದಕ್ಕ?” ಎಂದು ಎದ್ದುಹೋದಳು.

ರಹಮಾನಸಾಬನಿಗೆ ಮಾತ್ರ ಶಾಸ್ತ್ರೋಕ್ತವಾಗಿ, ಅಂಗಡಿಯ ಕಟ್ಟೆಯ ಮೇಲೆ, ಟವೆಲ್ಲು ಇಳಿಬಿಟ್ಟು.

“ನಾ ಊರಾಗ ಇಲ್ಲದಾಗ ನಿನಗ ಗೊತ್ತಿರಲಿ ಅಂತ. ನನ್ನ ಶೇರು ಇಲ್ಲಿಗೆ ಬಂದ್ರ ಸುನಿತಾಗ ಹೇಳು, ಮಾರತಾಳ,” ಎನ್ನುತ್ತ ನಾಲ್ಕು ಬೆರಳು ಅಮುಕಿದ, ಆಮೇಲೆ ಐದು, ಆಮೇಲೆ ಎರಡು. ನಾನೂರಾ ಐವತ್ತೆರಡು.

ಸಾಬ ಕೈ ಬಿಡಲಿಲ್ಲ. ಅಂದಾನಪ್ಪನ ಮುಖವನ್ನು ನೋಡಿದ. “ಇಷ್ಟ?”

“ಇಷ್ಟ,” ಎಂದು ಅಂದಾನಪ್ಪ ಮತ್ತೊಮ್ಮೆ ಅಮುಕಿ ತೋರಿಸಿದ. ನಾಲ್ಕು, ಐದು, ಎರಡು.

“ಆತು,” ಎಂದ ಸಾಬ. ಯಾರ ಅಣಕವನ್ನೂ ಮಾಡದೆ ಶೇಂಗಾ ಚೀಲಗಳ ಕಡೆ ಹೋದ. ಅದೂ ಅನುಮಾನಕ್ಕೆ ಕಾರಣವಾಯಿತು.

ಮೂರು ದಿನ ರೇಟು ಅರವತ್ತರ ಆಚೆ ಈಚೆ ತೂಕಡಿಸಿತು. ನಾಲ್ಕನೆಯ ದಿನ ಮಧ್ಯಾಹ್ನ ಅಂದಾನಪ್ಪ ಗಾದಿಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದ. ಐವತ್ತೆಂಟು. ಐವತ್ತೈದು. ಎದೆ ಡಬಡಬ ಅನ್ನತೊಡಗಿತು. ರೊಕ್ಕ ಹೋಗುತ್ತಿದೆ ಎಂಬ ಭಯಕ್ಕಲ್ಲ, ಕಳ್ಳ ಬರುತ್ತಿದ್ದಾನೆ ಎಂಬ ಉಮೇದಿಗೆ. ಐವತ್ತಮೂರು. ಐವತ್ತೆರಡು!

ಅಲ್ಲಿ ಒಂದು ಕ್ಷಣ ನಿಂತಿತು. ಐವತ್ತಮೂರಕ್ಕೆ ಏರಿತು ಕೂಡ. ಅಷ್ಟು ಸಾಕಾಯಿತು ಅಂದಾನಪ್ಪನಿಗೆ. ಫೋನು ಹಿಡಿದುಕೊಂಡೇ ಕಟ್ಟೆಯಿಂದ ಇಳಿದ. ರಹಮಾನಸಾಬ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಶೇಂಗಾ ಒಡೆದು ಕಾಳು ನೋಡುತ್ತಿದ್ದ. ಸುತ್ತ ಹಮಾಲರಿದ್ದರು.

“ರಹಮಾನಾ, ಪಾಲು ಬಿಡಸೂಣು.”

ಸಾಬ ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದ. “ಯಾಕ?”

“ಯಾಕಂತ ನನ್ನ ಕೇಳ್ತಿ? ನಿನ್ನ ಕೈಯಾಗ ಕೊಟ್ಟ ದರಕ್ಕ ಬಂದು ನಿಂತೈತಿ. ನಿಮ್ಮ ದಾದಾಪೀರನ್ನ ಕೇಳು ಯಾಕಂತ.”

ಹಮಾಲರ ಕೈ ನಿಂತವು. ಸಾಬ ಎದ್ದು ನಿಂತ. ಬಾಯಿ ತೆರೆಯುವಷ್ಟರಲ್ಲಿ ಅಂದಾನಪ್ಪನ ಫೋನು ಬಡಿದುಕೊಂಡಿತು. ಸಿಟ್ಟಿನಲ್ಲಿ ಬೆರಳು ಎಲ್ಲೋ ಒತ್ತಿ, ಸ್ಪೀಕರ್ ಆನ್ ಆಯಿತು.

“ಮಾವಾರ, ನಲವತ್ತಾರಕ್ಕ ಬಂತ್ರಿ! ಕಂಪನಿ ಲಾಭ ಅರ್ಧಕ್ಕರ್ಧ ಇಳದೈತಂತ, ಈಗ ಖಬರ ಬಂತು. ಮಾರಿಬಿಡ್ಲ್ಯಾ?”

“ತಡಿ!” ಎಂದ ಅಂದಾನಪ್ಪ. ನಲವತ್ತಾರು ಸೊಸೆಯ ದರ. ಹಾಗಾದರೆ ಸಾಬನೂ ಸೊಸೆಯೂ ಕೂಡಿ...? ಲೆಕ್ಕ ಹಾಕುವಷ್ಟರಲ್ಲಿ ಇನ್ನೊಂದು ಕರೆ. ಗದಿಗೆವ್ವ.

“ರೀ, ಟಿವಿಯಾಗ ನಿಮ್ಮದು ನಾಕನೂರಾ ನಲವತ್ತಾತು. ಕೆಂಪಗ ಓಡಾಕತ್ತೈತಿ. ನಾ ಏನ ಮಾಡ್ಲಿ? ಊಟಕ್ಕ ಬರ್ತೀರೋ ಇಲ್ಲೋ?”

ಒಬ್ಬ ಹಮಾಲ ಕಿಸಕ್ಕನೆ ನಕ್ಕ. ಅಂದಾನಪ್ಪ ಪರದೆ ನೋಡಿದ. ಮೂವತ್ತೇಳು. ಮೂವತ್ತಾರು. ಮೂವತ್ತೈದು. ಆ ದರವನ್ನು ಅವನು ಹೆಂಡತಿಗೆ ಹೇಳಿರಲಿಲ್ಲ, ಸೊಸೆಗೆ ಹೇಳಿರಲಿಲ್ಲ, ದೇವರ ಮುಂದೆ ಕೂಡ ತುಟಿ ಅಲ್ಲಾಡಿಸಿರಲಿಲ್ಲ. ಅದರ ಮೇಲೂ ಹಾದು ರೇಟು ಇಳಿಜಾರಿನ ಸೈಕಲ್ಲಿನಂತೆ ಹೋಯಿತು.

“ಇದನ್ನ... ಇದನ್ನ ಯಾರು ಹೇಳಿದ್ರು?” ಎಂದು ಅವನು ಗಾಳಿಯನ್ನು ಕೇಳಿದ.

“ಯಾವುದನ್ನ?” ಎಂದ ಸಾಬ.

“ಮೂವತ್ತೈದು. ಅದು ನನ್ನ ತೆಲಿಯಾಗ ಇತ್ತು.”

“ಅಂದ್ರ ಕಳ್ಳ ನಿನ್ನ ತೆಲಿಯಾಗ ಹೊಕ್ಕಾನ. ಹಿಡಿ ಅವನ್ನ. ಮಾರಿದಿ?”

“ಇಲ್ಲ.”

“ಯಾಕ ಮಾರಲಿಲ್ಲ?”

ಯಾರು ಹೇಳಿದರು ಎಂದು ನೋಡುವುದರಲ್ಲಿ ಮಾರುವುದೇ ಮರೆತಿತ್ತು ಎಂದು ಹಮಾಲರ ಮುಂದೆ ಹೇಗೆ ಹೇಳುವುದು? ಸುನಿತಾ ಮತ್ತೆ ಫೋನು ಮಾಡಿದಳು. ಈ ಸಲ “ಮಾರು ಯವ್ವಾ” ಎಂದ. ಇನ್ನೂರು ಶೇರೂ ನಾನೂರಾ ಎಂಟಕ್ಕೆ ಹೋದವು. ಮೊದಲ ಮೂರು ಸಲ ಸ್ಟಾಪ್ ಲಾಸ್ ಕಚ್ಚಿ ಹೋದದ್ದೆಲ್ಲ ಕೂಡಿದರೂ ಈ ಒಂದು ದಿನದ ನಷ್ಟದ ಅರ್ಧವಾಗುತ್ತಿರಲಿಲ್ಲ.

ಹಮಾಲರನ್ನು ಚಹಾಕ್ಕೆ ಕಳಿಸಿ ಸಾಬ ಕಟ್ಟೆಯ ಮೇಲೆ ಕೂತ. ಅಂದಾನಪ್ಪನೂ ಕೂತ, ಆದರೆ ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು.

“ತಪ್ಪಾತೋ ರಹಮಾನಾ. ಅನಬಾರದ ಮಾತು ಅಂದೆ.”

“ಮಾತಿಂದು ಬಿಡು. ಬೆಟಗೇರಿಗೆ ಯಾಕ ಹೋಗ್ತಿದ್ದೆ ಗೊತ್ತೈತೇನು? ದಾದಾಪೀರಗ ನಮ್ಮ ಹುಡುಗೀನ ಕೊಡೂ ಮಾತು ನಡದಿತ್ತು. ಪಕ್ಕಾ ಆಗೂತನ ಯಾರ ಮುಂದೂ ಅನ್ನಬಾರದು ಅಂತ ನನ್ನ ತಂಗಿ ಬಾಯಿ ಕಟ್ಟಿದ್ಲು. ನಾಳೆ ನಿನಗ ಮೊದಲ ಹೇಳಬೇಕಂತಿದ್ದೆ.”

ಅಂದಾನಪ್ಪ ತಲೆ ತಗ್ಗಿಸಿದ.

“ಅದೂ ಬಿಡು,” ಎಂದ ಸಾಬ. “ಐವತ್ತೆರಡು ಸುಳ್ಳು ಅಂತ ನನಗ ಅವತ್ತ ಗೊತ್ತಾಗಿತ್ತು.”

“ಹೆಂಗ?”

“ಖರೆ ದರ ಕೊಡಾಗ ನೀ ಒಮ್ಮೆ ಅಮುಕಿ ಕೈ ಬಿಡ್ತಿ. ಕೇಳಿದ್ರೂ ಮತ್ತ ಕೊಡಂಗಿಲ್ಲ, ‘ತಿಳೀಲಿಲ್ಲಂದ್ರ ಮನಿಗೆ ಹೋಗು’ ಅಂತಿ. ಅವತ್ತ ಎರಡ ಸಲ ಅಮುಕಿದಿ. ಶಾಲಿಯಾಗ ಬಾಯಿಪಾಠ ಒಪ್ಪಿಸಿದಂಗ.” ಸಾಬ ತನ್ನ ಅಂಗೈಯನ್ನು ನೋಡಿಕೊಂಡ. “ಈ ಕೈಯಾಗ ಊರಾನ ಮಂದಿ ಹತ್ತೆಂಟು ಸುಳ್ಳು ಕೊಟ್ಟಾರ. ವ್ಯಾಪಾರ, ನಡೀತೈತಿ. ನೀ ಕೊಟ್ಟಿರಲಿಲ್ಲ. ಯಾಕ ಕೊಟ್ಟಿ ಅಂತ ಮೂರು ದಿನ ವಿಚಾರ ಮಾಡಿದೆ. ಹೇಳತಿ ಅಂತ ಕಾದೆ. ಇವತ್ತ ಹೇಳಿದಿ, ಹಮಾಲರ ಮುಂದ.”

“ಪಾಲು ಬಿಡಸ್ತಿ?”

ಸಾಬ ಹೆಗಲ ಟವೆಲ್ಲನ್ನು ತೆಗೆದು, ಮಡಚಿ ಪಕ್ಕಕ್ಕಿಟ್ಟ. ಅಂಗಳದ ಆಚೆ ಯಾರೋ ಟ್ರ್ಯಾಕ್ಟರ್ ಹಿಂದೆ ತಿರುಗಿಸುತ್ತ ಹಾರನ್ ಒತ್ತುತ್ತಿದ್ದರು.

“ಇಲ್ಲ. ಅಂಗಡಿ ಇರಲಿ. ಬೋರ್ಡೂ ಇರಲಿ. ನಾಳಿಂದ ನಾ ದರ ಬಾಯಿಲೆ ಹೇಳ್ತೀನಿ. ಯಾರರ ಕೇಳಲಿ.”

ಅಂದಾನಪ್ಪನಿಗೆ ಮೊದಲು ಹಗುರವಾಯಿತು. ಇಷ್ಟಕ್ಕೇ ಮುಗಿಯಿತಲ್ಲ! ಸುನಿತಾ ಹೇಳಿದಂತೆ ಐವತ್ತೇ ಶೇರು ಕೊಂಡು, ಬೇಲಿಯನ್ನು ದೂರ ಹಾಕಿ, ಅದನ್ನು ಫೋನಿನಲ್ಲೇ ಇಡಿಸಿ, ದಿನಕ್ಕೊಮ್ಮೆ ಮಾತ್ರ ನೋಡತೊಡಗಿದ. ಅದು ಸುಲಭವಾಗಿಯೇ ರೂಢಿಯಾಯಿತು.

ರೂಢಿಯಾಗದಿದ್ದದ್ದು ಅಂಗಳದ್ದು. ಸಾಬ ಹೇಳಿದಂತೆಯೇ ಮಾಡಿದ. ರೈತರು ಟವೆಲ್ಲು ಚಾಚಿದರೆ ಕೈ ಹಿಂದೆ ಕಟ್ಟಿಕೊಂಡು, ಹಾದಿಹೋಕರಿಗೂ ಕೇಳುವಂತೆ ದರ ಹೇಳುತ್ತಿದ್ದ. ಅಂದಾನಪ್ಪ ಏನಾದರೂ ಕೇಳಬೇಕೆಂದು ಕಟ್ಟೆಯ ಮೇಲೆ ಕೈ ನೀಡಿದರೂ ಉತ್ತರ ಬಾಯಿಯಿಂದಲೇ ಬರುತ್ತಿತ್ತು. ಸಿಟ್ಟಿಲ್ಲ, ನಗುವಿಲ್ಲ, ಯಾರ ದನಿಯ ಅಣಕವೂ ಇಲ್ಲ. ಬರೀ ದರ.

ಅಂಗಳ ತಲೆ ಕೆಡಿಸಿಕೊಂಡಿತು. ಗುಟ್ಟಿನ ದರವನ್ನು ನಂಬಿ ಬದುಕಿದ ಜನಕ್ಕೆ ಬಹಿರಂಗದ ದರ ಅಂದರೆ ಹೆದರಿಕೆ. ಇಷ್ಟು ಗಟ್ಟಿಯಾಗಿ ಹೇಳುತ್ತಾನೆಂದರೆ ಒಳಗಿನದು ಬೇರೆಯೇ ಇರಬೇಕು, ಸಾಬನೂ ಅಂದಾನಪ್ಪ ಸಾವಕಾರನೂ ಕೂಡಿ ಏನೋ ಹೂಡಿದ್ದಾರೆ ಎಂಬ ಗುಸುಗುಸು ಚಹಾದಂಗಡಿಯಿಂದ ಶುರುವಾಗಿ ತೂಕದ ಕಾಟೆಯವರೆಗೆ ಮುಟ್ಟಿತು.

ಒಂದು ಬೆಳಿಗ್ಗೆ ಯಳವತ್ತಿಯ ಸಕ್ರಪ್ಪ ಶೇಂಗಾ ಹೇರಿಕೊಂಡು ಬಂದ. ಅವನಪ್ಪನ ಕಾಲದಿಂದ ಇದೇ ಅಂಗಡಿ. ಸಾಬ ಕಾಳು ನೋಡಿ ದರ ಕೂಗಿದ. ಸಕ್ರಪ್ಪ ಸುತ್ತ ನೋಡಿ, ಮೆಲ್ಲಗೆ ಅಂದಾನಪ್ಪನ ಹತ್ತಿರ ಬಂದು, ಹೆಗಲ ಟವೆಲ್ಲು ಇಳಿಸಿ ಕೈ ಚಾಚಿದ.

“ಸಾವಕಾರ್ರ, ಖರೇದು ಹೇಳ್ರಿ.”

ಅಂದಾನಪ್ಪ ಕೈ ಹಿಡಿದು ಬೆರಳು ಅಮುಕಿದ. ಸಾಬ ಕೂಗಿದ್ದೇ ದರ.

ಸಕ್ರಪ್ಪ ಅವನ ಮುಖ ನೋಡಿದ, ಸಾಬನ ಬೆನ್ನು ನೋಡಿದ. “ಬಾಯಿಲೆ ಹೇಳೂದೂ ಅದ, ಬೆರಳಿಲೆ ಹೇಳೂದೂ ಅದ! ಹಂಗಾದ್ರ ಟವೆಲ್ ಎದಕ್ಕ ಬೇಕ್ರೀ? ಇದರಾಗ ಏನೋ ಐತಿ ಬಿಡ್ರಿ.”

“ಏನೂ ಇಲ್ಲೋ ಸಕ್ರಪ್ಪ, ಖರೇನ...”

“ನೀವಿಬ್ರೂ ಮೊದಲಿನಂಗ ಅದೀರೇನು? ಅದನ್ನರ ಹೇಳ್ರಿ.”

ಅಂದಾನಪ್ಪ ಸಾಬನ ಕಡೆ ನೋಡಿದ. ಸಾಬ ತಿರುಗಲಿಲ್ಲ. ಸಕ್ರಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಟ್ರ್ಯಾಕ್ಟರಿನವನಿಗೆ ಮುಂದಿನ ಅಂಗಡಿಯ ಕಡೆ ಕೈ ತೋರಿಸಿದ. ಚೀಲಗಳು ಒಂದೊಂದಾಗಿ ಅಲ್ಲಿ ಇಳಿಯತೊಡಗಿದವು.

ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ರಹಮಾನಸಾಬ ಶೇಂಗಾ ಒಡೆದು, ಕಾಳು ಅಗಿದು, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ದರ ಕೂಗಿದ.